ರಾಕ್ಷಸ ಯಾರು ಸ್ವಾಮಿ?

ನಾನು ಕುಣಿಗಲ್ ಕಡೆಯವನು. 1986ರಲ್ಲಿ ತುಮಕೂರಿನ ಹಾಸ್ಟೆಲಿನಲ್ಲಿದ್ದಾಗ ಬಾಡಿಗೆಗೆ ವಿಡಿಯೋ ತಂದು ಒಂದು ಇಂಗ್ಲಿಷ್ ಚಿತ್ರ ನೋಡಿದೆವು. 1957ರ ‘ಟ್ವೆಂಟಿ ಮಿಲಿಯನ್ ಮೈಲ್ಸ್ ಟು ಅರ್ಥ್’. ಶುಕ್ರಗ್ರಹಕ್ಕೆ ಹೋಗಿಬಂದ ರಾಕೆಟ್ಟು ಸಿಸಿಲಿಯ ಸಮುದ್ರಕ್ಕೆ ಬೀಳುತ್ತದೆ. ಅದರಲ್ಲಿ ತಂದಿದ್ದ ಪ್ರಾಣಿ ಮೊದಲು ಗೇಣುದ್ದ. ಭೂಮಿಯ ಗಾಳಿಗೆ ಬೆಳೆದೂ ಬೆಳೆದೂ ರೋಮ್ ನಗರದಲ್ಲಿ ಆನೆಯ ಜೊತೆಗೇ ಕುಸ್ತಿಗೆ ನಿಲ್ಲುತ್ತದೆ! ಕೊನೆಗೆ ಕೊಲೋಸಿಯಂ ಮೇಲಿಂದ ಉರುಳಿ ಸಾಯುತ್ತದೆ. ಹುಡುಗರೆಲ್ಲ ಸಿಳ್ಳೆ ಹೊಡೆದರು.

ನನಗೆ ಮಾತ್ರ ಸಿಳ್ಳೆ ಬರಲಿಲ್ಲ. ಅದು ಗೊಂಬೆ ಅಂತ ಗೊತ್ತು. ರೇ ಹ್ಯಾರಿಹೌಸನ್ ಅದನ್ನು ಚೂರು ಚೂರೇ ಸರಿಸಿ, ಒಂದೊಂದೇ ಫ್ರೇಮ್ ತೆಗೆದು ಜೀವ ತುಂಬಿದ್ದ. ಆದರೂ ಹೊಟ್ಟೆ ಚುರ್ ಅಂತು. ಅದೇನು ತಾನಾಗಿ ಬಂದಿತ್ತೇ? ಪಂಜರಕ್ಕೆ ಹಾಕಿದರು, ನಾಯಿ ಮೇಲೆ ಬಿತ್ತು, ಜನ ತಿವಿದರು. ಕೆಣಕಿದ್ದಕ್ಕೇ ತಿರುಗಿಬಿತ್ತು.

ಹಿಂದಿನ ವಾರವಷ್ಟೇ ಗುಬ್ಬಿ ಕಡೆಯ ಹೊಸ ಹುಡುಗನನ್ನು ನಾವು ಗೋಳು ಹೊಯ್ದುಕೊಂಡಿದ್ದೆವು. ಅವನು ಕೈಯೆತ್ತಿದ್ದಕ್ಕೆ ‘ರಾಕ್ಷಸ’ ಅಂತ ಕರೆದು ಊರಿಗೆ ಓಡಿಸಿದ್ದೆವು. ಮೊದಲು ಕೆಣಕಿದವನು ನಾನೇ!

ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ. ಹುಡುಗ ಮಾತಾಡಲಿಲ್ಲ. ಅವನ ತಾತ ಕಾಫಿ ಕೊಟ್ಟು, ಚಿತ್ರದ ಕಥೆಯನ್ನೆಲ್ಲ ಕೇಳಿ, “ನಮ್ಮ ವೀರಣ್ಣೋರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೇನೇ ರಂಗಕ್ಕೆ ತಂದಿದ್ರು ಕಣಪ್ಪ. ತಿವಿದಿದ್ರೆ ಅದು ಸುಮ್ನಿರ್ತಿತ್ತಾ?” ಅಂದರು.

ಸಂಜೆ ಇಬ್ಬರೂ ತುಮಕೂರಿಗೆ ಬಂದೆವು. ಟಿಕೇಟು ನಾನೇ ತೆಗೆದೆ.