ಮಳೆ ಪಾಠದೊಳಕ್ಕೆ ಬಂದ ಬಗೆ

ನಾನು ಮೇಷ್ಟ್ರಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಹೋದ ಕಾಲದಲ್ಲಿ ಮಳೆ ಶಾಲೆಯೊಳಕ್ಕೆ ಬರುತ್ತಿದ್ದದ್ದು ಒಡೆದ ಹೆಂಚಿನ ಸಂದಿನಿಂದ ಮಾತ್ರ. ಪಾಠದೊಳಕ್ಕೆ ಅದಕ್ಕೆ ಪ್ರವೇಶವಿರಲಿಲ್ಲ. ಪುಸ್ತಕದ ಪ್ರಕಾರ ಕಾಲಗಳು ಮೂರು, ಋತುಗಳು ಆರು. ಒಬ್ಬ ನಿಂತು ಹೇಳಿಕೊಟ್ಟರೆ ಮಿಕ್ಕವರು ರಾಗವಾಗಿ ಕೂಗುವುದು. ಹೀಗೆ ವಸಂತ, ಗ್ರೀಷ್ಮ ಎಂದು ಕೂಗುತ್ತಿದ್ದ ಮಕ್ಕಳ ಮನೆಯಲ್ಲಿ ಲೆಕ್ಕವೇ ಬೇರೆ: ಭರಣಿ ಬಂತೆ, ರೋಹಿಣಿ ಕೈಕೊಟ್ಟಿತೆ, ಆರಿದ್ರಾ ಹಿಡಿಯಿತೆ? ಸೂರ್ಯ ಒಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಒಂದೊಂದು ಮಳೆಯ ಪಾಳಿಯೂ ಅಷ್ಟೇ. ಹತ್ತಿ, ರಾಗಿ, ಹೊಗೆಸೊಪ್ಪು ನಂಬಿದ ಮನೆಗಳಿಗೆ ಇದು ಬಾಯಿಪಾಠವಲ್ಲ, ಬದುಕು. ಶಾಲೆಗೆ ಮಾತ್ರ ಇದು ಗೊತ್ತೇ ಇಲ್ಲವೇನೋ ಎಂಬಂತಿತ್ತು.

1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಿಂದ ಪಾಠೋಪಕರಣಗಳು ಬಂದವು. ನಾನು ಕಂಡ ಶಾಲೆಗಳಲ್ಲಿ ಅವು ಟ್ರಂಕಿನಲ್ಲೇ ಇದ್ದವು. ಒಡೆದರೆ ಲೆಕ್ಕ ಕೊಡುವವರು ಯಾರು?

ಬದಲಾವಣೆ ಬಂದದ್ದು 1995ರಲ್ಲಿ, ಅದೂ ನಮ್ಮ ತಾಲ್ಲೂಕಿನಿಂದಲೇ. ಇಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ ‘ನಲಿ-ಕಲಿ’ ಹುಟ್ಟಿತು. ಪಠ್ಯಪುಸ್ತಕದ ಜಾಗಕ್ಕೆ ಕಾರ್ಡುಗಳು ಬಂದವು, ಗೋಡೆಗೆ ಕಲಿಕಾ ಏಣಿ, ತಲೆಯ ಮೇಲೆ ದಾರದ ಚಪ್ಪರ, ಮಕ್ಕಳ ಕೈಗೆಟುಕುವಂತೆ ಗೋಡೆಯ ಬುಡದಲ್ಲಿ ಕಪ್ಪುಹಲಗೆ. ಅವುಗಳ ಪಕ್ಕದಲ್ಲಿ ಹವಾಮಾನ ನಕ್ಷೆ. ತಿಂಗಳ ದಿನಗಳಿಗೆ ಒಂದೊಂದು ಮನೆ. ಬಿಸಿಲಿದ್ದರೆ ಸೂರ್ಯ, ಮೋಡವಿದ್ದರೆ ಮೋಡ, ಮಳೆಯಾದರೆ ಕೊಡೆ ಬರೆಯಬೇಕು.

ಮೊದಮೊದಲು ನನಗದು ಚಿತ್ರ ಬರೆಸುವ ಆಟದಂತೆ ಕಂಡಿತ್ತು. ಅದರ ಬೆಲೆ ಗೊತ್ತಾದದ್ದು ಜಗಳಗಳಿಂದ. ಜುಲೈ ತಿಂಗಳ ಒಂದು ಬೆಳಿಗ್ಗೆ, ಅರ್ಧ ಆಕಾಶ ಮೋಡ, ಅರ್ಧ ತಿಳಿ. ಒಂದು ಗುಂಪು ಮೋಡ ಬರೆಯಬೇಕೆಂದಿತು, ಇನ್ನೊಂದು ಸೂರ್ಯ. ಎರಡನೇ ತರಗತಿಯ ಹುಡುಗಿಯೊಬ್ಬಳು ಅಂಗಳಕ್ಕೆ ಓಡಿ, ಕಾಲ ಬುಡ ನೋಡಿಕೊಂಡು, “ಮೋಡ ಇದ್ರೂ ನೆಳ್ಳು ಬೀಳ್ತಾ ಅದೆ ಸಾ, ಅಂಗಾದ್ರೆ ಬಿಸ್ಲೇ” ಎಂದಳು. ಅಂದಿನಿಂದ ಅದೇ ನಮ್ಮ ಶಾಲೆಯ ಕಾನೂನಾಯಿತು: ನೆರಳು ಕಂಡರೆ ಸೂರ್ಯ, ಕಾಣದಿದ್ದರೆ ಮೋಡ. ಯಾವ ಕಾರ್ಡಿನಲ್ಲೂ ಇಲ್ಲದ ಈ ಪರೀಕ್ಷೆಗಿಂತ ಒಳ್ಳೆಯ ವಿಜ್ಞಾನವನ್ನು ಆ ವಯಸ್ಸಿಗೆ ನಾನೇನು ಕಲಿಸಬಹುದಿತ್ತು?

ಮುಂದೆ ಬಾಟ್ಲಿಯ ಮಳೆಮಾಪಕ ಬಂತು. ನೀರಿನ ಪ್ಲಾಸ್ಟಿಕ್ ಬಾಟ್ಲಿಯ ಕತ್ತು ಕೊಯ್ದು ಆಲಿಕೆಯಂತೆ ತಲೆಕೆಳಗಾಗಿ ಕೂರಿಸುವುದು ಎಲ್ಲರಿಗೂ ಗೊತ್ತು. ತೊಡಕಿರುವುದು ತಳದಲ್ಲಿ. ಬಾಟ್ಲಿಯ ತಳ ಉಬ್ಬು ತಗ್ಗು; ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ಒಂದು ಹಿಡಿ ಜಲ್ಲಿಕಲ್ಲು ಹಾಕಿ, ನೇರವಾದ ಭಾಗ ಶುರುವಾಗುವವರೆಗೆ ನೀರು ತುಂಬಿ, ಆ ಗೆರೆಗೆ ಸೊನ್ನೆ ಬರೆಯಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಪಟ್ಟಿ. ಬಾಯಿಯೂ ಹೊಟ್ಟೆಯೂ ಒಂದೇ ಅಗಲವಿದ್ದರೆ ಏರಿದ ನೀರೇ ಬಿದ್ದ ಮಳೆ. ಗುಣಾಕಾರ, ಭಾಗಾಕಾರದ ಗೋಜಿಲ್ಲ. ಒಂದನೇ ತರಗತಿಯವರು ಬೆರಳಿಟ್ಟು ಅಳೆಯುತ್ತಿದ್ದರು, ಮೂರನೆಯವರು ಪಟ್ಟಿ ಓದುತ್ತಿದ್ದರು. ಹವಾಮಾನ ಇಲಾಖೆಯವರು ಮಳೆ ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ನಮ್ಮದು ಪ್ರಾರ್ಥನೆಗೆ ಮುಂಚೆ, ಸುಮಾರು ಒಂದು ಗಂಟೆ ತಡ.

ಬೇಕೆಂದೇ ಎರಡು ಬಾಟ್ಲಿ ಇಡಿಸುತ್ತಿದ್ದೆ, ಒಂದು ಹೊಂಗೆಮರದಡಿ, ಒಂದು ಬಯಲಲ್ಲಿ. ತುಂತುರು ಬಂದ ದಿನ ಮರದಡಿಯದು ಸೊನ್ನೆಯಲ್ಲೇ ಇರುತ್ತಿತ್ತು. ಮನೆಯಲ್ಲಿ ತಾತ “ಉಕ್ಕೆ ಹೊಡೆಯೋ ಮಳೆ ಆಯ್ತು” ಎಂದ ಮರುದಿನ ಬಯಲಿನ ಬಾಟ್ಲಿಯಲ್ಲಿ ನೀರು ಒಂದು ಬೆರಳಿನ ಅಗಲ ದಾಟಿತ್ತು. ನೇಗಿಲು ಹಿಡಿದವರ ಅಳತೆ ಮೊದಲ ಸಲ ಶಾಲೆಯ ಅಳತೆಯ ಪಕ್ಕ ಕೂತದ್ದು ಆಗ.

ಮೋಡ ಮಾಡುವುದಕ್ಕೆ ಬಿಸಿನೀರು, ಗಾಜಿನ ಜಾಡಿ, ಮೇಲೆ ಐಸಿಟ್ಟ ತಟ್ಟೆ ಬೇಕು. ಹಳ್ಳಿಯಲ್ಲಿ ಐಸೆಲ್ಲಿ? ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರುವವನು ಬರುವ ದಿನಕ್ಕೆ ಕಾಯುತ್ತಿದ್ದೆವು. ಕ್ಯಾಂಡಿ ಇಟ್ಟರೂ ಜಾಡಿಯಲ್ಲಿ ಮೋಡ ಕಾಣುವುದೇ ಕಷ್ಟ. ಆರಿಸಿದ ಬೆಂಕಿಕಡ್ಡಿಯ ಹೊಗೆ ಒಂದು ಎಳೆ ಒಳಗೆ ಬಿಟ್ಟು ಮುಚ್ಚಿದರೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಆವಿ ಹನಿಯಾಗಲು ಅಂಟಿಕೊಳ್ಳುವ ಕಣ ಬೇಕು, ಆಕಾಶದಲ್ಲಿ ಧೂಳು ಮತ್ತು ಉಪ್ಪಿನ ಕಣಗಳು ಮಾಡುವ ಕೆಲಸವೂ ಅದೇ. ಪಾಠ ಮುಗಿದ ಮೇಲೆ ಕ್ಯಾಂಡಿ ಯಾರ ಪಾಲಾಗುತ್ತಿತ್ತೆಂದು ಹೇಳಬೇಕಿಲ್ಲ.

2009–10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಸಂತೋಷವೇ. ಆದರೆ ಅಚ್ಚಾದ ನಕ್ಷೆ ಬಂದಮೇಲೆ ನೋಡಲು ಬಂದವರು ಮನೆಗಳು ಭರ್ತಿಯಾಗಿವೆಯೇ ಎಂದಷ್ಟೇ ಕೇಳತೊಡಗಿದರು. ಹಾಗೆ ಕೇಳಿದರೆ ಶನಿವಾರ ಸಂಜೆಯೇ ಭಾನುವಾರಕ್ಕೂ ಸೂರ್ಯ ಬಿದ್ದುಬಿಡುತ್ತದೆ. ನೋಡದ ದಿನದ ಮನೆ ಖಾಲಿಯೇ ಇರಲಿ ಎಂಬುದು ನನ್ನ ಹಟ. ಭಾನುವಾರ ಮಳೆ ಬಿದ್ದದ್ದನ್ನು ಖುದ್ದು ನೋಡಿದವರು ಸೋಮವಾರ ಬಂದು ಬರೆಯಬಹುದಿತ್ತು, ಹೆಸರು ಹಾಕಿ.

ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಪ್ರತಿ 15 ನಿಮಿಷಕ್ಕೆ ಅದು ತಾನಾಗಿ ಲೆಕ್ಕ ಕಳಿಸುತ್ತದೆ ಎಂದರೆ, “ನಮ್ಮದನ್ನ ನಾವೇ ನೋಡಬೇಕಲ್ಲ” ಎಂದು ಒಬ್ಬ ಗೊಣಗಿದ. ಅವನ ಧ್ವನಿಯಲ್ಲಿ ಬೇಸರಕ್ಕಿಂತ ಜಂಬವೇ ಜಾಸ್ತಿಯಿತ್ತು.

ನನ್ನ ನಿವೃತ್ತಿಯ ಹೊತ್ತಿಗೆ ಮನೆಮನೆಗೂ ಮೊಬೈಲು ಬಂದಿತ್ತು. ನಾಳೆಯ ಮಳೆಯನ್ನು ಮಕ್ಕಳು ಇಂದೇ ತಂದು ಹೇಳುತ್ತಿದ್ದರು. ನಕ್ಷೆಯ ಪಕ್ಕ ಮೂರು ಸಾಲು ಎಳೆದೆವು: ಮೊಬೈಲು ಹೇಳಿದ್ದು, ತಾತ ಹೇಳಿದ್ದು, ಬಂದದ್ದು. ಮುಂಗಾರು ಗಟ್ಟಿಯಾಗಿ ಹಿಡಿದ ಮೇಲೆ ಮೊಬೈಲಿನದೇ ಮೇಲುಗೈ. ಏಪ್ರಿಲ್ ಶುರುವಿನ ಗುಡುಗುಮಳೆ ಮಾತ್ರ ಒಂದೂರಿಗೆ ಹುಯ್ದು ಪಕ್ಕದೂರಿಗೆ ಹನಿಯೂ ಇಲ್ಲದಂತೆ ಹೋಗಿ ಇಬ್ಬರನ್ನೂ ಸೋಲಿಸುತ್ತಿತ್ತು. ನನ್ನ ನಂತರ ಬಂದ ಮೇಡಂ ಆ ಸಾಲುಗಳನ್ನು ಅಳಿಸಲಿಲ್ಲ. ನಾಲ್ಕನೆಯದೊಂದು ಸೇರಿಸಿದ್ದಾರೆ: ‘ನಾನು ಹೇಳಿದ್ದು’. ಪ್ರಾರ್ಥನೆ ಮುಗಿಯುವುದರೊಳಗೆ ಬರೆದಿರಬೇಕು, ಆಮೇಲೆ ತಿದ್ದುವಂತಿಲ್ಲ.