ಪಾಠ ಮಾಡಿ ತೋರಿಸಿದ ತಪ್ಪು

ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆ (ಡಯಟ್) ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ (ಡಿ.ಪಿ.ಇ.ಪಿ.) ಜೊತೆ ಬ್ಲಾಕ್ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳೂ (ಬಿ.ಆರ್.ಸಿ., ಸಿ.ಆರ್.ಸಿ.) ಬಂದವು. ಅನುಭವವಿರುವ ಒಬ್ಬ ಶಿಕ್ಷಕ ಸುತ್ತಲಿನ ಶಾಲೆಗಳಿಗೆ ಹೋಗಿ, ಉಳಿದವರಿಗೆ ಪಾಠದಲ್ಲಿ ನೆರವಾಗಬೇಕು ಎಂಬುದು ಆ ವ್ಯವಸ್ಥೆಯ ಆಶಯ. ಆ ನಂಬಿಕೆಯಿಂದಲೇ ನಾನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಆದೆ. ನೆರವು ಅಂದರೇನು ಎಂಬುದು ಮಾತ್ರ ತಿಳಿದಿರಲಿಲ್ಲ.

ನಮ್ಮ ಕ್ಲಸ್ಟರಿನ ಒಂದು ಸಣ್ಣ ಶಾಲೆಗೆ ಹೊಸ ಶಿಕ್ಷಕಿಯೊಬ್ಬರು ಬಂದರು. ಡಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿ.ಇ.ಟಿ.) ಬರೆದು, ಆಯ್ಕೆಯಾಗಿ ಬಂದವರು. ಮುಖ್ಯ ಶಿಕ್ಷಕರು ಅವರಿಗೆ ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ತರಗತಿ ಕೊಟ್ಟರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ಯಾರು ಎಲ್ಲಿದ್ದಾರೆ ಎಂದು ನೋಡಿಕೊಂಡು ಮಕ್ಕಳು ಕಾರ್ಡು ತೆಗೆದುಕೊಂಡು ತಮ್ಮ ತಮ್ಮ ಗುಂಪಿನಲ್ಲಿ ಕೂರಬೇಕು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಒಂದಕ್ಕೆ ಅರ್ಧ, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ಸ್ವಂತವಾಗಿ ಕಲಿಯುವವರದು. ಹಳಬರಿಗೂ ಇದರಲ್ಲಿ ಕೈ ಕುದುರಲು ಕಾಲ ಬೇಕು.

ನಾನು ಹೋದ ದಿನ ಕೋಣೆ ತುಂಬ ಗದ್ದಲ. "ಸರ್, ಒಂದು ಗುಂಪಿನ ಜೊತೆ ಕೂತರೆ ಉಳಿದವರು ಎದ್ದುಬಿಡ್ತಾರೆ. ಏನು ಮಾಡ್ಲಿ?" ಎಂದರು. ಕಣ್ಣು ತುಂಬಿತ್ತು. "ಇರಿ ಮೇಡಂ, ನಾನು ತೋರಿಸ್ತೀನಿ" ಎಂದವನೇ ಮಕ್ಕಳನ್ನೆಲ್ಲ ವೃತ್ತದಲ್ಲಿ ಕೂರಿಸಿದೆ. ಹಾಡಿಸಿದೆ, ಕುಣಿಸಿದೆ, ಕಥೆ ಹೇಳಿದೆ. ಮಕ್ಕಳು ನಕ್ಕರು, ನನ್ನ ಕೈ ಹಿಡಿದುಕೊಂಡರು. ಶಿಕ್ಷಕಿ ಗೋಡೆಗೆ ಒರಗಿ ನಿಂತು ನೋಡಿದರು. ಸಂದರ್ಶನ ಪುಸ್ತಕದಲ್ಲಿ 'ಚಟುವಟಿಕೆಗಳನ್ನು ಆಸಕ್ತಿದಾಯಕವಾಗಿ ನಿರ್ವಹಿಸುವುದು' ಎಂದು ಬರೆದೆ. ಬಿಸಿಯೂಟದ ಅಂಕಿ-ಅಂಶ ತೆಗೆದುಕೊಂಡು ಮುಂದಿನ ಶಾಲೆಗೆ ಹೊರಟೆ. ಆ ದಿನ ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಕೆಲವು ತಿಂಗಳ ನಂತರ ಆ ಶಿಕ್ಷಕಿ ನಲಿಕಲಿ ಬಿಟ್ಟು ಮೇಲಿನ ತರಗತಿ ಕೇಳಿಕೊಂಡರು ಎಂದು ಗೊತ್ತಾಯಿತು. ಸಮಾಲೋಚನಾ ಸಭೆಯಲ್ಲಿ ಸಿಕ್ಕಾಗ ಕಾರಣ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ನೀವು ಬಂದು ಹೋದ ಮೇಲೆ ಮಕ್ಕಳು 'ಆ ಸರ್ ಯಾವಾಗ ಬರ್ತಾರೆ' ಅಂತ ದಿನಾ ಕೇಳೋರು. ನನ್ನ ಕೈಲಿ ಆಗಲ್ಲ ಅಂತ ಅವತ್ತೇ ಅನ್ನಿಸ್ತು ಸರ್."

ಅವರ ಕಷ್ಟ ಇದ್ದದ್ದು ಮಕ್ಕಳು ಗುಂಪಾಗಿ ಕೂತ ಮೇಲೆ. ನಾನು ಮಾಡಿದ್ದು ಎಲ್ಲರನ್ನೂ ಒಟ್ಟಿಗೆ ಕೂರಿಸುವ ಚಟುವಟಿಕೆ. ಅವರು ಕೇಳಿದ ಪ್ರಶ್ನೆಯನ್ನು ನಾನು ಮುಟ್ಟಲೇ ಇಲ್ಲ. ನನಗೆ ಬರುವುದನ್ನು ಮಾಡಿ ತೋರಿಸಿದೆ, ಅದೂ ಅವರ ಮಕ್ಕಳ ಎದುರಿಗೇ. ಹೊಸ ಶಿಕ್ಷಕಿಗೆ ಮಕ್ಕಳ ಮುಂದೆ ಆಗಷ್ಟೇ ಮೂಡುತ್ತಿದ್ದ ಗೌರವವನ್ನು ನಾನು ಕಿತ್ತುಕೊಂಡಿದ್ದೆ. ಮೇಲೆ ಪುಸ್ತಕದಲ್ಲಿ ಷರಾ ಬೇರೆ. ಅಳುತ್ತ ನೆರವು ಕೇಳಿದವರ ಕೊರತೆಯನ್ನು ದಾಖಲೆ ಮಾಡಿ ಹೋಗುವವನ ಹತ್ತಿರ ಮತ್ತೆ ಯಾರು ಕಷ್ಟ ಹೇಳಿಕೊಳ್ಳುತ್ತಾರೆ?

ಮುಂದೆ ಇನ್ನೊಬ್ಬ ಹೊಸ ಶಿಕ್ಷಕರ ನಲಿಕಲಿ ತರಗತಿಗೆ ಹೋದಾಗ ಕೋಣೆಯ ಹಿಂಬದಿಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತೆ. ಮಕ್ಕಳು ಏನು ಮಾಡುತ್ತಾರೆ ಎಂಬುದನ್ನಷ್ಟೇ ಬರೆದುಕೊಂಡೆ. ಬಿಡುವಿನಲ್ಲಿ ಇಬ್ಬರೇ ಕೂತು "ನಿಮಗೇನು ಕಾಣಿಸ್ತು?" ಎಂದು ಕೇಳಿದೆ. ಕಾರ್ಡು ಮುಗಿಸಿದ ಮಕ್ಕಳು ತೋರಿಸಲು ಸಾಲು ನಿಲ್ಲುತ್ತಾರೆ, ಕಾದು ಬೇಸತ್ತು ಗಲಾಟೆ ಶುರುವಾಗುತ್ತದೆ ಎಂಬುದನ್ನು ಅವರೇ ಗುರುತಿಸಿದರು. ಚಿಕ್ಕವರ ಕಾರ್ಡನ್ನು ಮೊದಲು ಮೂರನೇ ತರಗತಿಯವರು ನೋಡಲಿ ಎಂಬ ದಾರಿಯೂ ಅವರದೇ. ಮುಂದಿನ ಸಲ ಅದೊಂದನ್ನೇ ನೋಡಲು ಹೋದೆ. ಗದ್ದಲ ಪೂರ್ತಿ ನಿಂತಿರಲಿಲ್ಲ. ಆದರೆ ಶಿಕ್ಷಕರ ದನಿಯಲ್ಲಿ ಧೈರ್ಯ ಬಂದಿತ್ತು.

ನಲಿಕಲಿ ಹುಟ್ಟಿದ್ದೂ ಹೀಗೆ ಶಿಕ್ಷಕರೇ ದಾರಿ ಕಂಡುಕೊಂಡದ್ದರಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂಡಿ ಕೂತು ಅದನ್ನು ನಮ್ಮ ಮಕ್ಕಳಿಗೆ ಒಗ್ಗಿಸಿದರು. ಶಿಕ್ಷಕರ ಇಂಥ ಕಲಿಕೆಗೆ ಈಗ ಸಮಯವೂ ಗೊತ್ತಾಗಿದೆ: 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆ ಬೇಕೆನ್ನುತ್ತದೆ. ಅಷ್ಟೂ ಗಂಟೆ ತರಬೇತಿಯ ಸಭಾಂಗಣದಲ್ಲೇ ಕಳೆದರೆ, ಹೊಸಬರು ತರಗತಿಯಲ್ಲಿ ಒಂಟಿಯಾಗಿಯೇ ಉಳಿಯುತ್ತಾರೆ.

ಹಿರಿಯ ಶಿಕ್ಷಕರಲ್ಲಿ, ಮುಖ್ಯ ಶಿಕ್ಷಕರಲ್ಲಿ, ಸಿ.ಆರ್.ಪಿ. ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ನಿಮ್ಮ ಶಾಲೆಗೆ ಹೊಸಬರು ಬಂದರೆ ಮೊದಲ ವರ್ಷ ಅವರ ಜೊತೆಗೊಬ್ಬರು ಇರಲಿ. ಹಾಗೆ ಜೊತೆಗಿರುವವರು ವರದಿ ಬರೆಯುವವರಾಗಿರಬಾರದು. ಸೀಮೆಸುಣ್ಣ ಹೊಸಬರ ಕೈಯಲ್ಲೇ ಇರಲಿ. ನೀವು ಹಿಂದೆ ಕೂತು ನೋಡಿ, ಆಮೇಲೆ ಕೇಳಿ, ಮತ್ತೆ ಹೋಗಿ.