ಚಿನ್ನದ ಹಾದಿಯ ಒಂದು ಸಮಾಧಿ

ಕೆನಡಾದ ಯೂಕಾನ್ ಪ್ರದೇಶದಲ್ಲಿ ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿ. ಸ್ನೇಹಿತರೊಬ್ಬರ ಕಾರಿನಲ್ಲಿ ನಾನೊಮ್ಮೆ ಅಲ್ಲಿ ಪಯಣಿಸಿದೆ. ತಾಸುಗಟ್ಟಲೆ ಸ್ಪ್ರೂಸ್ ಮರಗಳು, ನದಿ, ಮೌನ. ಡಾಸನ್ ಸಮೀಪಿಸಿದಂತೆ ಮಾತ್ರ ರಸ್ತೆಯ ಬದಿಗೆ ಕಲ್ಲಿನ ರಾಶಿಗಳು: ಚಿನ್ನಕ್ಕಾಗಿ ಯಂತ್ರಗಳು ಕಣಿವೆಯನ್ನೇ ಬಗೆದು ಉಗುಳಿದ ಕಲ್ಲುಗಳು.

1896ರ ಆಗಸ್ಟ್‌ನಲ್ಲಿ ಇಲ್ಲಿನ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. ಸುಮಾರು 1,00,000 ಜನ ಹೊರಟರೆಂದು ಅಂದಾಜು. ತಲುಪಿದವರು ಅರ್ಧಕ್ಕೂ ಕಡಿಮೆ. ವರ್ಷಕ್ಕಾಗುವಷ್ಟು ಸಾಮಗ್ರಿಯಿಲ್ಲದವರಿಗೆ ಗಡಿಯಲ್ಲಿ ಪ್ರವೇಶವಿರಲಿಲ್ಲ. ಆದ್ದರಿಂದ ಅನೇಕರು ಸುಮಾರು ಒಂದು ಟನ್ ಹೊರೆಯನ್ನು ಹಿಮಾವೃತ ಚಿಲ್ಕೂಟ್ ಕಣಿವೆದಾರಿಯಲ್ಲಿ ಕಂತುಕಂತಾಗಿ ಬೆನ್ನ ಮೇಲೆ ಹೊತ್ತು ಸಾಗಿಸಿದರು. ಬಹುಪಾಲು ಜನ ತಲುಪುವಷ್ಟರಲ್ಲಿ ಒಳ್ಳೆಯ ಗಣಿಜಾಗಗಳು ಪರರ ಪಾಲಾಗಿದ್ದವು.

ಆ ಊರಿಗೆ ಚಿನ್ನ ಅರಸದೆ ಬಂದವರೂ ಒಬ್ಬರಿದ್ದರು: ಯೇಸುಸಭೆಯ ಗುರು ವಿಲಿಯಂ ಜಡ್ಜ್. ಅವರು ದೇವಾಲಯದ ಜೊತೆಗೆ ಆಸ್ಪತ್ರೆಯನ್ನೂ ಕಟ್ಟಿ, ಟೈಫಾಯ್ಡ್ ಮತ್ತು ಸ್ಕರ್ವಿ ಪೀಡಿತರನ್ನು ಉಪಚರಿಸಿದರು. 1899ರ ಜನವರಿಯಲ್ಲಿ, 48ನೆಯ ವಯಸ್ಸಿನಲ್ಲಿ, ನ್ಯುಮೋನಿಯಾಕ್ಕೆ ಬಲಿಯಾದರು. ಜನ ಅವರನ್ನು ‘ಡಾಸನ್ನಿನ ಸಂತ’ ಎಂದು ಕರೆದರು.

ಅವರ ಸಮಾಧಿಯ ಮುಂದೆ ನಿಂತಾಗ ನನಗೆ ಆ ವಯಸ್ಸು ದಾಟಿತ್ತು. ಗುರುದೀಕ್ಷೆ ಪಡೆದ ವರ್ಷ ನನ್ನ ಬಳಿ ಇದ್ದದ್ದು ಒಂದೇ ಪೆಟ್ಟಿಗೆ. ಕಳೆದ ವರ್ಗಾವಣೆಗೆ ಲಾರಿಯೇ ಬೇಕಾಯಿತು. ಅದೇ ವರ್ಷ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬರು ನನಗಾಗಿ ಹೇಳಿಕಳುಹಿಸಿದ್ದರು. ಕಟ್ಟಡದ ಲೆಕ್ಕಪತ್ರ ಮುಗಿಸಿ ಹೋಗೋಣವೆಂದು ತಡಮಾಡಿದೆ. ಹೋದಾಗ ಅವರು ಕಣ್ಮುಚ್ಚಿದ್ದರು.

ಹೊರೆ ಹೊರದೆ ಬಾಳು ಸಾಗದು, ನಿಜ. ಆದರೆ ಯಾರಿಗಾಗಿ ಹೊರುತ್ತಿದ್ದೇವೆ? ಹಿಂತಿರುಗಿದ ಮರುದಿನ ಲೆಕ್ಕದ ಪುಸ್ತಕ ಮುಚ್ಚಿಟ್ಟು, ಮೊದಲು ರೋಗಿಗಳ ಮನೆಗಳಿಗೆ ನಡೆದೆ. ನಿಮ್ಮನ್ನೂ ಇಂದು ಯಾರೋ ಕಾಯುತ್ತಿರಬಹುದು.